ಬರಿಗಾಲಿಗೊಂದು ಸ್ವಿಚ್ಚು

ನನ್ನ ಭಾವ, ಅಂದರೆ ಅಕ್ಕನ ಗಂಡ, ಸೊರಬದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಜೆಯ ದಿನಗಳಲ್ಲಿ ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ಬಾರಿಸುತ್ತಾರೆ. ನಾನು ಶಿಕಾರಿಪುರದಲ್ಲಿ ಟಿವಿ, ಯುಪಿಎಸ್ ರಿಪೇರಿ ಮಾಡುವವಳು. ಅಂಗಡಿಗೆ ಬಂದವರು ಇವತ್ತಿಗೂ "ರಿಪೇರಿಯವ್ರು ಎಲ್ಲಿ ಹೋಗ್ಯಾರ್ರೀ?" ಎಂದು ನನ್ನನ್ನೇ ಕೇಳುವುದುಂಟು. ಭಾವ ಹಾಗೆ ಕೇಳುವವರಲ್ಲ. ಮನೆಯಲ್ಲಿ ಏನು ಕೆಟ್ಟರೂ ಚೀಲಕ್ಕೆ ತುಂಬಿ, ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿಬಿಡುತ್ತಾರೆ.

ಹೋದ ವರ್ಷ ಒಮ್ಮೆ ಚೀಲದ ಬದಲು ಅವರೇ ಬಂದರು.

"ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಡೋಕೆ ಒಂದು ಪೆಟ್ಟಿಗೆ ಮಾಡ್ಕೊಡು ಮಾರಾಯ್ತಿ. ಕಾಲಲ್ಲಿ ಒತ್ತಿದ್ರೆ ಗಿಟಾರು ಗುರ್ ಅನ್ಬೇಕು. ಇನ್ನೊಂದ್ಸಲ ಒತ್ತಿದ್ರೆ ಮೊದಲಿನ ಹಾಗೆ ಸಾಧು ಆಗ್ಬೇಕು."

"ನೀವು ಕ್ಲಾಸಿಗೆ ಹೋದಾಗ ಹುಡುಗ್ರು ಆಗ್ತಾರಲ್ಲ, ಹಂಗೆ."

"ಅವ್ರು ಒತ್ತದೇನೇ ಆಗ್ತಾರೆ," ಎಂದರು ಭಾವ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಒಳಗಿನ ಸರ್ಕ್ಯೂಟ್ ಎರಡು ದಿನಕ್ಕೆ ಮುಗಿಯಿತು. ಸ್ವಿಚ್ಚು ಮಾತ್ರ ನನ್ನ ಮಾನ ಕಳೆಯಿತು. ಡ್ರಾಯರಿನಲ್ಲಿ ಹಳೆಯ ಒತ್ತುಗುಂಡಿಯೊಂದು ಬಿದ್ದಿತ್ತು. ಅದನ್ನೇ ಅಲ್ಯೂಮಿನಿಯಂ ಡಬ್ಬಿಗೆ ಕೂರಿಸಿದೆ. ಒತ್ತಿದೆ, ಗುರ್ ಎಂದಿತು. ಬಿಟ್ಟೆ, ಸುಮ್ಮನಾಯಿತು. ಸೊರಬದ ಬಸ್ಸು ಹೊರಡುವುದರಲ್ಲಿತ್ತು. ಇಷ್ಟೇ ತಾನೆ ಬೇಕಿದ್ದದ್ದು ಎಂದು ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಅದು ಮನೆ ಬಾಗಿಲ ಗಂಟೆಯ ಜಾತಿಯ ಗುಂಡಿ, ಒತ್ತಿ ಹಿಡಿದಿದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದೂ ತಲೆಗೆ ಹೋಗಲಿಲ್ಲ.

ಆ ಭಾನುವಾರ ಉಳವಿಯಲ್ಲಿ ಒಂದು ಮದುವೆಯಲ್ಲಿ ಅವರ ಕಾರ್ಯಕ್ರಮ. ಮಧ್ಯಾಹ್ನ ಅಕ್ಕನ ಫೋನು ಬಂತು. ಹಿಂದೆ ಗಿಟಾರು ಗುರುಗುಟ್ಟುತ್ತಿತ್ತು.

"ಏನು ಮಾಡಿಟ್ಟೀಯೆ ನೀನು? ನಿನ್ನ ಭಾವ ಒಂದು ಕಾಲು ಡಬ್ಬಿ ಮ್ಯಾಲಿಟ್ಟು ಬೆಳ್ಳಕ್ಕಿ ಥರ ನಿಂತಾರೆ. ಕಾಲು ಎತ್ತಿದ್ರೆ ಸದ್ದು ಹೋಗ್ತದಂತೆ. ಎರಡನೇ ಚರಣಕ್ಕೇ ತೊಡೆ ನಡುಗ್ತಾ ಅದೆ."

ಭಾವ ಬೈಯಲಿಲ್ಲ. ಮರುದಿನ ಡಬ್ಬಿ ಬಸ್ಸಿನಲ್ಲಿ ವಾಪಸ್ ಬಂತು. ಒಳಗೆ ಒಂದು ಚೀಟಿ: "ಉತ್ತರ ಸರಿ. ಪ್ರಶ್ನೆ ಬೇರೆ ಇತ್ತು."

ಈ ಸಲ ಸರಿಯಾದ ಕಾಲುಸ್ವಿಚ್ಚನ್ನೇ ತರಿಸಿದೆ. ಒಮ್ಮೆ ಒತ್ತಿದರೆ ಟಕ್ ಎಂದು ಕೂರುತ್ತದೆ, ಮತ್ತೆ ಒತ್ತಿದರೆ ಟಕ್ ಎಂದು ಬಿಡುತ್ತದೆ. ಕೆಳಗೆ ತಂತಿ ಬೆಸೆಯಲು ಪುಟ್ಟ ಲೋಹದ ಕಾಲುಗಳು, ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು. ಅದರಲ್ಲಿ ಆರು, ಗಿಟಾರಿನ ಸದ್ದನ್ನು ಪೆಟ್ಟಿಗೆಯೊಳಗೆ ಹಾಯಿಸಲು, ಇಲ್ಲವೇ ಬದಿಯಿಂದ ದಾಟಿಸಲು. ಉಳಿದ ಮೂರು, ಸ್ವಿಚ್ಚು ಹಾಕಿದೆ ಎಂದು ತೋರಿಸುವ ಪುಟ್ಟ ದೀಪಕ್ಕೆ. ದೀಪವೆಂಬುದು ಶೋಕಿ ಎಂದುಕೊಂಡು ಆ ಮೂರನ್ನು ಖಾಲಿ ಬಿಟ್ಟೆ.

ನಾನೇ ಸೊರಬಕ್ಕೆ ಹೋಗಿ ಡಬ್ಬಿಯನ್ನು ಪಡಸಾಲೆಯಲ್ಲಿಟ್ಟು, "ಒತ್ತಿ ಭಾವ," ಎಂದೆ. ಒತ್ತಿದರು. ಗಿಟಾರಿಗಿಂತ ಮೊದಲು ಭಾವನೇ "ಅಯ್ಯಮ್ಮಾ!" ಎಂದರು.

ಆಗ ಹೊಳೆಯಿತು. ಈ ಸ್ವಿಚ್ಚು ಬೂಟು ಹಾಕಿಕೊಂಡು ಬಾರಿಸುವವರಿಗೆ ಮಾಡಿದ್ದು. ನಮ್ಮ ಭಾವ ವೇದಿಕೆಗೆ ಗೌರವ ಕೊಡಬೇಕೆಂದು ಚಪ್ಪಲಿ ಕೆಳಗೇ ಬಿಟ್ಟು ಹತ್ತುವವರು. ಬೆರಳ ತುದಿಯಷ್ಟಗಲದ ಲೋಹದ ಗುಂಡಿ ಅಂಗಾಲಿಗೆ ಮೊಳೆಯ ಹಾಗೆ ಚುಚ್ಚಿತ್ತು. ಸಾಲದ್ದಕ್ಕೆ ಅದನ್ನು ದನಿ ಏರಿಸಿ ಇಳಿಸಲು ತಿರುಪುವ ಗುಬುಟಿನ ಪಕ್ಕದಲ್ಲೇ ಕೂರಿಸಿದ್ದೆ. ಒಂದನ್ನು ಒತ್ತಿದರೆ ಹೆಬ್ಬೆರಳು ಇನ್ನೊಂದನ್ನು ತಿರುಪುತ್ತಿತ್ತು.

"ವೇದಿಕೆಗೆ ಚಪ್ಪಲಿ ತಾಗಬಾರ್ದು, ವಾದ್ಯಕ್ಕೆ ಒದೀಬಹುದು. ಯಾವ ಶಾಸ್ತ್ರವೋ!" ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು.

"ಅದು ವಾದ್ಯ ಅಲ್ಲ ಕಣೇ, ಸ್ವಿಚ್ಚು," ಎಂದರು ಭಾವ, ಕಾಲು ತಿಕ್ಕಿಕೊಳ್ಳುತ್ತಾ.

ನಾನು ಹಳೇ ಪೇಪರ್ ಹಾಸಿ ಅವರ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಭಾವನಿಗೆ ಕಚಗುಳಿ. ಇಡೀ ಶಾಲೆ ಹೆದರುವ ಮೇಷ್ಟ್ರು ಕಿಸಕ್ಕೆಂದು ನಕ್ಕು ಎರಡು ಸಲ ಗೆರೆ ಕೆಡಿಸಿದರು. ಕೊನೆಗೆ ಅಳತೆ ಸಿಕ್ಕಿತು. ಹೊಸ ಡಬ್ಬಿಯಲ್ಲಿ ಗುಬುಟುಗಳನ್ನು ಮೇಲಂಚಿಗೆ ಸರಿಸಿ, ಸ್ವಿಚ್ಚಿಗೆ ಕೆಳಗೆ ತೂತು ಕೊರೆದೆ. ಒಳಗಡೆಯ ನಟ್ಟನ್ನು ಮೇಲಕ್ಕೆ ತಿರುಪಿದಷ್ಟೂ ಸ್ವಿಚ್ಚಿನ ಕುತ್ತಿಗೆ ಹೊರಗೆ ಕಡಿಮೆ ಚಾಚುತ್ತದೆ. ಹಾಗೆ ತಗ್ಗಿಸಿ, ಹೊರಗಿನ ನಟ್ಟು ಬಿಗಿದೆ.

ಆದರೂ ಗುಂಡಿಯ ತಲೆ ಸಣ್ಣದೇ. ಅಗಲವಾದ, ನುಣುಪಾದ ಟೋಪಿಯೊಂದು ಬೇಕಿತ್ತು. ಅಕ್ಕ ಒಳಗೆ ಹೋಗಿ ಕೇರಂ ಸ್ಟ್ರೈಕರ್ ತಂದು ನನ್ನ ಕೈಗಿಟ್ಟಳು.

"ಅದು ನನ್ನದು! ಅದರಲ್ಲಿ ನಾನು ಕಾಲೇಜಿನಲ್ಲಿ ಗೆದ್ದಿದ್ದು!" ಎಂದು ಭಾವ ಕೂಗಿದರು.

"ಈಗ ಕಾಲಲ್ಲಿ ಗೆಲ್ಲಿ," ಎಂದಳು ಅಕ್ಕ.

ಸ್ಟ್ರೈಕರಿನ ಅಡಿಯಲ್ಲಿ ಅರ್ಧದವರೆಗೆ ಕೊರೆದು ಗುಂಡಿಯ ಮೇಲೆ ಅಂಟಿಸಿದೆ. ಭಾವ ಕಣ್ಣು ಮುಚ್ಚಿ ಕಾಲಿಟ್ಟರು. ಟಕ್. ಗಿಟಾರು ಗುರ್ ಎಂದಿತು. ಭಾವ ಕಣ್ಣು ಬಿಟ್ಟು ಇನ್ನೆರಡು ಸಲ ಒತ್ತಿ ನೋಡಿದರು. ಆಮೇಲೆ ಅರ್ಧ ಗಂಟೆ, ಬಲ ಅಷ್ಟೇ ಇದ್ದರೂ ವಿಸ್ತೀರ್ಣ ಹೆಚ್ಚಾದರೆ ಒತ್ತಡ ಹೇಗೆ ತಗ್ಗುತ್ತದೆ ಎಂದು ನಮ್ಮಿಬ್ಬರಿಗೂ ಪಾಠ ಮಾಡಿದರು, ಯೋಜನೆಯೆಲ್ಲ ತಮ್ಮದೇ ಎಂಬಂತೆ.

ಮುಂದಿನ ಕಾರ್ಯಕ್ರಮ ಜಡೆ ಎಂಬ ಊರಿನಲ್ಲಿ, ಒಂದು ಗೃಹಪ್ರವೇಶಕ್ಕೆ. ನಾನೂ ಹೋಗಿದ್ದೆ. ಮೊದಲಿಗೆ ಗಣಪತಿಯ ಹಾಡು. ವೈರು ಸರಿಪಡಿಸುವಾಗ ಭಾವನ ಕಾಲು ಡಬ್ಬಿಗೆ ತಾಗಿದ್ದು ಅವರಿಗೆ ತಿಳಿಯಲಿಲ್ಲ. ಹಾಕಿದೆಯೋ ಇಲ್ಲವೋ ಎಂದು ನೋಡಲು ದೀಪವಿಲ್ಲ. ಹಾಡಿನ ಮೊದಲ ಮೀಟಿಗೇ ಪೆಂಡಾಲು ಅದುರಿತು. ಪುರೋಹಿತರು ಕೈಲಿದ್ದ ಲೋಟ ಕೆಳಗಿಟ್ಟರು. ಭಾವ ಗಾಬರಿಯಾಗಿ ಒತ್ತಿದ್ದು ಎರಡು ಸಲ. ಹಾಗಾಗಿ ಮತ್ತೆ ಅದೇ ಗುರುಗುರು. ಆಮೇಲೆ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದು ಲೆಕ್ಕ ತಪ್ಪಿದ ಹುಡುಗರಿಗೆ ಮೀಸಲಾದದ್ದು. ನಾನು ಕುರ್ಚಿಯಲ್ಲಿ ಸಣ್ಣಗಾದೆ.

ಹಾಡು ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. ಬೈಗುಳ ಬಂತು ಎಂದುಕೊಂಡೆ.

"ಲಾಯ್ಕಿತ್ತು ಮೇಷ್ಟ್ರೇ. ನಂಗೆ ಕಿವಿ ಸ್ವಲ್ಪ ಮಂದ. ಇವತ್ತೇ ಗಣಪತಿ ಹಾಡು ಪೂರ್ತಿ ಕೇಳಿದ್ದು."

ಮರುವಾರವೇ ಸ್ವಿಚ್ಚಿನಲ್ಲಿ ಖಾಲಿ ಬಿಟ್ಟಿದ್ದ ಕಾಲುಗಳಿಗೆ ತಂತಿ ಬೆಸೆದು ಕೆಂಪು ದೀಪ ಹಾಕಿಕೊಟ್ಟೆ. ಅಂದಿನಿಂದ ತಪ್ಪಾಗಿಲ್ಲ. ಆದರೆ ಭಾವನಿಗೆ ದೀಪದ ಮೇಲೆ ಅಪನಂಬಿಕೆ. ಹಾಡಿನುದ್ದಕ್ಕೂ ತಲೆ ಬಗ್ಗಿಸಿ ಅದನ್ನೇ ನೋಡುತ್ತಾರೆ. ಜನ ಅದನ್ನು ತನ್ಮಯತೆ ಎಂದು ಮೆಚ್ಚುತ್ತಾರೆ.

"ತನ್ಮಯತೆಯಂತೆ!" ಎನ್ನುತ್ತಾಳೆ ಅಕ್ಕ. "ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ನೆಲ ನೋಡ್ಕೊಂಡು ಕೂತಿದ್ರು."