ಭರಣಿಯ ಚಿಲಕ

ಐವತ್ತರ ದಶಕದ ಕೊನೆಯಲ್ಲಿ ನಾವು ಚಿಕ್ಕಬಳ್ಳಾಪುರದಲ್ಲಿದ್ದೆವು. ಅಣ್ಣ ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದಿದ್ದ. ಅಲ್ಲಿನ ಒಂದು ಸಂಗ್ರಹಾಲಯಕ್ಕಾಗಿ ಹಳ್ಳಿಮನೆಗಳ ಹಳೆಯ ಸಾಮಾನುಗಳನ್ನು ಜಲವರ್ಣದಲ್ಲಿ ಬರೆಯುತ್ತಿದ್ದ. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಅವನ ಬಟ್ಟಲಿನ ನೀರು ಬದಲಿಸುವುದು ನನ್ನ ಕೆಲಸ.

ಕೆಂಚಾರ್ಲಹಳ್ಳಿಯ ಒಬ್ಬ ಅಜ್ಜಿ ತಮ್ಮ ಮರದ ಕುಂಕುಮದ ಭರಣಿಯನ್ನು ಅವನಿಗೆ ನಂಬಿ ಕೊಟ್ಟಿದ್ದರು. ಮೂರು ದಿನ ಬರೆದ. ಮರದ ಬಿರುಕು, ಬೆರಳು ಸವೆಸಿದ ಅಂಚು, ಎಣ್ಣೆಜಿಡ್ಡಿನ ಹೊಳಪು, ಎಲ್ಲ ಕಾಗದದ ಮೇಲೆ ಬಂದು ಕೂತವು. ಭರಣಿ ಎತ್ತಿಡಲು ಹೋಗಿ ನಾನೊಮ್ಮೆ ಚಿತ್ರದ ಮೇಲೇ ಕೈಯಿಟ್ಟಿದ್ದೆ. ಭರಣಿಯ ಮುಚ್ಚಳದ ಕೆಳಗೆ ಕಪ್ಪು ಚುಕ್ಕೆಗಳ ಮಸುಕು ಸಾಲೊಂದಿತ್ತು. ಅಣ್ಣ ಅದನ್ನೂ ಬಿಡದೆ ಬರೆದ.

"ಏನೂಂತ ಗೊತ್ತಾಗ್ತಿಲ್ಲ ಕಣೇ. ಕಂಡಿದ್ದನ್ನ ಬರೀಬೇಕು, ಅಷ್ಟೇ."

ಮಾರನೆಯ ದಿನ ಶುಕ್ರವಾರ. ಕುಂಕುಮದ ಭರಣಿ ಜಿಡ್ಡುಗಟ್ಟಿ ಮನೆಯಲ್ಲಿರಬಾರದೆಂದು, ಅಣ್ಣ ಪೇಟೆಗೆ ಹೋದಾಗ ಸೀಗೆಪುಡಿ ಹಾಕಿ ತೊಳೆದೆ. ಜಿಡ್ಡು ಇಳಿದಂತೆ ಚುಕ್ಕೆಗಳು ಹಸಿರಾದವು. ಗಿಣಿಗಳು. ಅವರೆಕಾಳಿಗಿಂತ ಚಿಕ್ಕವು, ಒಂದರ ಬಾಲಕ್ಕೆ ಇನ್ನೊಂದರ ಕೆಂಪು ಕೊಕ್ಕು ತಾಗಿಸಿಕೊಂಡು ಭರಣಿಯ ಸುತ್ತಲೂ ಹೊರಟಿದ್ದವು. ಅಂಥದ್ದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಇನ್ನೂ ಚೆನ್ನಾಗಿ ಕಾಣಲೆಂದು ಇನ್ನೊಮ್ಮೆ ಉಜ್ಜಿದೆ. ಹಸಿರು ನೀರು ಬೆರಳ ಸಂದಿಯಲ್ಲಿ ಹರಿದುಹೋಗಿ ಬರೀ ಮರ ಉಳಿಯಿತು.

ಅಣ್ಣ ಬಂದು ಭರಣಿಯನ್ನು ತಿರುಗಿಸಿ ನೋಡಿದ.

"ಒರೆಸಿದ್ಯೇನೇ?"

"ಧೂಳಿತ್ತು ಅಣ್ಣ."

"ಹಂಗಾದ್ರೆ ಅದು ಕೊಳೆ. ನಾನೊಬ್ಬ ಕುರುಡ, ಬಣ್ಣ ಅಂದ್ಕೊಂಡಿದ್ದೆ" ಎಂದು ನಕ್ಕು, ಒದ್ದೆ ಕುಂಚದಿಂದ ಚಿತ್ರದೊಳಗಿನ ಚುಕ್ಕೆಗಳನ್ನೂ ಅಳಿಸಿಬಿಟ್ಟ.

ಭರಣಿ ಹಿಂದಿರುಗಿಸಿ ಬಂದವನೇ ಹೇಳಿದ: "ಆ ಅಜ್ಜಿ 'ಚಿಲಕ ಎಲ್ಲೋಯ್ತಪ್ಪ, ಚಿಲಕ ಎಲ್ಲೋಯ್ತು' ಅಂತ ತಿರುಗಿಸಿದ್ದೇ ತಿರುಗಿಸಿದ್ದು. ಇದಕ್ಕೆ ಚಿಲಕ ಎಲ್ಲಿತ್ತೇ?"

ನಮ್ಮದು ಮೈಸೂರು ಕಡೆಯ ಮನೆ. ಅಲ್ಲೇ ಓದಿ ಬೆಳೆದ ಅಣ್ಣನಿಗೆ ತೆಲುಗು ಬರುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಬೀದಿಯ ತೆಲುಗು ಹುಡುಗಿಯರ ಜೊತೆ ಆಡಿ ಬೆಳೆದ ನನಗೆ ಬರುತ್ತಿತ್ತು. ಮನೆಮಾತು ತೆಲುಗಾದ ಆ ಅಜ್ಜಿ ಕೇಳಿದ್ದು ಬಾಗಿಲಿಗೆ ಹಾಕುವ ಚಿಲಕವನ್ನಲ್ಲ. ತೆಲುಗಿನಲ್ಲಿ ಚಿಲಕ ಎಂದರೆ ಗಿಣಿ.

ಹೇಳಿದರೆ ತೊಳೆದದ್ದನ್ನೂ ಹೇಳಬೇಕಿತ್ತು. ಅವತ್ತು ಬಾಯಿ ಬಿಡಲಿಲ್ಲ, ಅವನಿರುವವರೆಗೂ ಬಿಡಲಿಲ್ಲ. ಅಣ್ಣ ಯೋಚಿಸಿ, ಚಿತ್ರದ ಅಡಿಯಲ್ಲಿ ದುಂಡಗೆ ಬರೆದು, ನನಗೆ ಓದಿ ಹೇಳಿದ: 'ಈ ಭರಣಿಗೆ ಹಿಂದೆ ಚಿಲಕವಿತ್ತೆಂದು ಮನೆಯವರ ಹೇಳಿಕೆ. ಈಗ ಕಳೆದುಹೋಗಿದೆ.'

"ಸರಿಯಾಗಿದೆಯೇನಮ್ಮ?"

"ಸರಿಯಾಗಿದೆ ಅಣ್ಣ" ಎಂದೆ.