ಮಾವ ಸುಲಿದ ನೀಲಿ

ಬೀದಿಯವರೆಲ್ಲ ಅವಳನ್ನು ಕರೆಯುವುದು ಬಣ್ಣದಕ್ಕ ಎಂದೇ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳು ಗಾಡಿಗಳ ಚಕ್ರಕ್ಕೆ ರಬ್ಬರ್ ಬಣ್ಣ ಹೊಡೆಯುತ್ತಾಳೆ. ಗನ್ನಿನಿಂದ ಸಿಂಪಡಿಸುವಾಗ ಮಾಮೂಲಿ ಬಣ್ಣದ ಹಾಗೇ ಇರುವ ಇದು ಒಣಗಿದ ಮೇಲೆ ತೆಳ್ಳನೆಯ ರಬ್ಬರ್ ಪದರವಾಗುತ್ತದೆ. ಬೇಸರ ಬಂದ ದಿನ ಅಂಚು ಹಿಡಿದು ಎಳೆದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಅಡಿಯ ಚಕ್ರ ಮೊದಲು ಹೇಗಿತ್ತೋ ಹಾಗೇ.

ಅವಳು ಶುರು ಮಾಡಿದ ಕಾಲದಲ್ಲಿ ಇದನ್ನು ನಂಬುವವರೇ ಇರಲಿಲ್ಲ. ಎಲ್ಲರಿಗಿಂತ ಕಡಿಮೆ ನಂಬಿದವರು ಅವಳ ಮಾವ, ಗಂಡನ ತಂದೆ.

ಮಾವ ಬಸ್ಸುಗಳಿಗೆ ಬಣ್ಣ ಹೊಡೆದು ಬಾಳಿದವರು. ಬಸ್ಸು ಗುಜರಿಗೆ ಹೋದರೂ ತಮ್ಮ ಬಣ್ಣ ಹೋಗುವುದಿಲ್ಲ ಎಂದು ಅವರಿಗೆ ಜಂಬ. ಗಂಡ ಲಾರಿ ಓಡಿಸಿಕೊಂಡು ದೂರದೂರಿಗೆ ಹೋಗುತ್ತಿದ್ದ. ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ಸೊಸೆ, ಮಾವ ಇಬ್ಬರೇ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಗನ್ ಹಿಡಿಯಲು ಕಲಿಸಿದವರೂ ಅವರೇ. "ಕೈ ನಿಲ್ಲಬಾರದಮ್ಮ. ನಿಂತ್ರೆ ಬಣ್ಣ ಇಳಿದು ಅತ್ತುಬಿಡುತ್ತೆ" ಎನ್ನುತ್ತಿದ್ದರು. ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡರು. ಕೈ ಸುಮ್ಮನಾಯಿತು, ಬಾಯಿ ಆಗಲಿಲ್ಲ.

"ಹೋಗ್ಲಿ ಅಂತಾನೇ ಹೊಡೆಯೋದು ಒಂದು ಬಣ್ಣಾನಾ? ಇದಕ್ಕಿಂತ ಚಕ್ರಕ್ಕೆ ಅಂಗಿ ಹೊಲಿಸು."

"ಹೊಲಿಸ್ತೀನಿ ಮಾವ, ಅಳತೆ ನೀವು ತಗೊಳ್ಳಿ."

ಹೀಗೆ ನಡೆಯುತ್ತಿತ್ತು. ಟೈರಿಗೆ ಬಣ್ಣ ತಾಗಬಾರದೆಂದರೆ ಟೈರಿಗೂ ರಿಮ್ಮಿಗೂ ನಡುವಿನ ಸಂದಿಯಲ್ಲಿ ಸುತ್ತಲೂ ಇಸ್ಪೀಟ್ ಎಲೆ ಸಿಕ್ಕಿಸಬೇಕು. ಮಾವನ ಹತ್ತಿರ ಹಳೇ ಇಸ್ಪೀಟ್ ಕಟ್ಟುಗಳಿದ್ದವು. ಒಬ್ಬ ಕಂಡಕ್ಟರು, ಒಬ್ಬ ಕ್ಷೌರಿಕ, ಒಬ್ಬ ಪೋಸ್ಟ್‌ಮನ್ ಬಂದು ಮಧ್ಯಾಹ್ನ ಇದೇ ಶೆಡ್ಡಿನಲ್ಲಿ ಅವರ ಜೊತೆ ಕೂತು ಆಡುತ್ತಿದ್ದ ಕಾಲ ಒಂದಿತ್ತು. ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಯವನನ್ನು ಮಣ್ಣು ಮಾಡಿ ಬಂದ ದಿನದಿಂದ ಕಟ್ಟುಗಳು ಗೂಡು ಸೇರಿದ್ದವು. ಸೊಸೆಗೆ ಕೇಳಲು ಬಾಯಿ ಬರಲಿಲ್ಲ. ಅವಳು ರಟ್ಟು ಕತ್ತರಿಸಿ ಒದ್ದಾಡುವುದನ್ನು ನೋಡಿ ಮಾವನೇ ತಂದು ಮಡಿಲಿಗೆ ಹಾಕಿದರು.

"ಒಬ್ಬನೇ ಏನಾಡ್ಲಿ, ತಗೋ. ಆಟೀನ್ ರಾಣಿ ಮಾತ್ರ ಬೇಡ. ಅವಳು ಯಾವತ್ತೂ ನನ್ನ ಕೈ ಬಿಟ್ಟವಳಲ್ಲ."

ಆ ಒಂದು ಎಲೆಯನ್ನು ಆರಿಸಿ ಜೇಬಿಗೆ ಹಾಕಿಕೊಂಡರು.

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಹಳೆಯ ಬಿಳಿ ಕಾರು ಬಂದು ನಿಂತಿತು. ಇಳಿದವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಅವರ ಯಜಮಾನರು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಕಾರಿನ ಒಂದು ಸ್ಕ್ರೂ ಕೂಡ ಬದಲಾಗಕೂಡದು ಎನ್ನುವ ಆಸಾಮಿ.

"ನಮ್ಮನೆಯವರು ತಂಗಿ ಊರಿಗೆ ಹೋಗಿದಾರೆ" ಎಂದರು ನರ್ಸಮ್ಮ. "ಚಕ್ರಕ್ಕೆ ನೀಲಿ ಹೊಡೆದುಕೊಡ್ತೀಯೇನಮ್ಮ? ಅವರು ಕೂಗಾಡಿದ್ರೆ ತೆಗೆಯೋಕಾಗುತ್ತಲ್ವಾ?"

"ಆಗುತ್ತೆ ನರ್ಸಮ್ಮ. ಯಾವ ನೀಲಿ?"

ಅವರು ಸ್ವಲ್ಪ ನಾಚಿಕೊಂಡರು. "ನಮ್ಮ ಹತ್ರ ಮೊದಲು ಒಂದು ಸ್ಕೂಟರಿತ್ತು. ಡ್ಯೂಟಿ ಮುಗಿಯೋ ಹೊತ್ತಿಗೆ ವಾರ್ಡಿನ ಕಿಟಕಿಯಿಂದ ಬಗ್ಗಿ ನೋಡ್ತಿದ್ದೆ. ಗೇಟಿನ ಸಂದಿಯಲ್ಲಿ ಮೊದಲು ಕಾಣ್ತಿದ್ದದ್ದು ಅದರ ನೀಲಿ ಚಕ್ರ. ಬಂದ್ರು ಅಂತ ಗೊತ್ತಾಗೋದು. ಕಾರ್ ತಗೊಂಡಾಗ ನನ್ನ ಒಂದು ಮಾತೂ ಕೇಳದೆ ಅದನ್ನ ಯಾರಿಗೋ ಕೊಟ್ಬಿಟ್ರು."

ಕುರ್ಚಿಯಲ್ಲಿದ್ದ ಮಾವ ನೆಟ್ಟಗಾದರು. "ಕ್ರೀಮ್ ಬಾಡಿ ಸ್ಕೂಟರಾ? ಬ್ರೇಕ್ ಹಿಡಿದ್ರೆ ಕಿರುಚ್ತಿತ್ತು?"

"ಹೂಂ, ಅದೇ!"

"ಅದಕ್ಕೆ ಹೊಡೆದವನು ನಾನೇ ಕಣಮ್ಮ. ಬಸ್ಸಿಗೆ ಕಲಸಿದ್ದರಲ್ಲಿ ಮಿಕ್ಕಿದ್ದ ನೀಲಿ ಅದು."

ಅವತ್ತು ಮಾವ ಕುರ್ಚಿ ಬಿಟ್ಟು ಒಳಗೆ ಬಂದರು. ಸೊಸೆ ನೀಲಿ ರಬ್ಬರ್ ಬಣ್ಣಕ್ಕೆ ಬಿಳಿ ಬೆರೆಸುತ್ತ ಹೋದಳು. ಅವರು ಕೋಲಿನ ತುದಿಯಲ್ಲಿ ಅದ್ದಿ, ಕಣ್ಣಿನ ಹತ್ತಿರ ಹಿಡಿದು, "ಇನ್ನೊಂಚೂರು… ಇನ್ನೊಂಚೂರು… ಸಾಕು. ಈಗ ಒಂದು ಹನಿ ಕಪ್ಪು" ಎಂದರು. ಮಂಜುಗಣ್ಣಿಗೆ ಎಷ್ಟು ಕಂಡಿತೋ, ನೆನಪಿನಿಂದ ಎಷ್ಟು ಹೇಳಿದರೋ, ಅವಳು ಕೇಳಲಿಲ್ಲ. ನರ್ಸಮ್ಮ ಮಾತ್ರ ಡಬ್ಬಿಯೊಳಗೆ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

ಚಕ್ರ ತೊಳೆದು, ಜಿಡ್ಡು ಒರೆಸಿ, ಎಲೆ ಸಿಕ್ಕಿಸಿ, ಪಕ್ಕದ ಬಡಗಿಗೆ, "ಅಣ್ಣಾ, ಗರಗಸ ನಿಲ್ಸಣ್ಣಾ, ಹೊಟ್ಟು ಕೂರುತ್ತೆ!" ಎಂದು ಕೂಗಿ, ಅವಳು ಗನ್ ಹಿಡಿದಳು. ಮೊದಲು ಮಂಜು ಕವಿದ ಹಾಗೆ ತೆಳ್ಳಗೆ. ಆರಿದ ಮೇಲೆ ಒಂದರ ಮೇಲೊಂದು ದಪ್ಪ ಪದರ. ಕೈ ಜಿಪುಣವಾದರೆ ಮುಂದೆ ಸುಲಿಯುವಾಗ ಚೂರು ಚೂರಾಗಿ ಪ್ರಾಣ ತಿನ್ನುತ್ತದೆ. ನಾಲ್ಕನೇ ಚಕ್ರ ಮುಗಿಯುವಷ್ಟರಲ್ಲಿ ಡಬ್ಬಿಯ ತಳ ಕಂಡಿತು.

ನರ್ಸಮ್ಮ ಕಾರು ಒಯ್ದ ಮಾರನೇ ದಿನವೇ ಗಡಿಯಾರದವರು, ಬರುವ ದಿನಕ್ಕೆ ಮುಂಚೆ, ಬಂದುಬಿಟ್ಟರು. ಕಾರನ್ನು ಶೆಡ್ಡಿನೆದುರು ತಂದು ನಿಲ್ಲಿಸಿ ಬಾಗಿಲು ಧಡಾರನೆ ಹಾಕಿದರು. ಪಕ್ಕದ ಸೀಟಿನಲ್ಲಿ ನರ್ಸಮ್ಮ ತುಟಿ ಬಿಗಿದು ಕೂತಿದ್ದರು.

"ಯಾರಮ್ಮ ಇದನ್ನ ಮಾಡಿದ್ದು? ನನ್ನ ಗಾಡೀನೇನು ಸರ್ಕಸ್ ಕುದುರೆ ಅಂದ್ಕೊಂಡ್ಯಾ?"

ಬಣ್ಣದಕ್ಕ ಬಾಯಿ ತೆರೆಯುವ ಮೊದಲೇ ಮಾವ ಎದ್ದರು. ಅಲ್ಲಿಯವರೆಗೆ ಆ ಬಣ್ಣಕ್ಕೆ ಒಂದು ಒಳ್ಳೆ ಮಾತಾಡದಿದ್ದವರು, "ಯಾಕ್ರೀ ಕೂಗ್ತೀರಿ? ಇದೇನು ಜನ್ಮಕ್ಕಂಟಿದ್ದಾ? ನಿಲ್ಲಿ, ಬಿಚ್ಚಿಕೊಡ್ತೀವಿ" ಎಂದು ಮುಂದಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತರು. ಉಗುರಿನಿಂದ ಅಂಚು ಎಬ್ಬಿಸಿ ಎಳೆದರು. ಅಷ್ಟಗಲ ನೀಲಿ ಎಲ್ಲೂ ಹರಿಯದೆ, ಕಾಲುಚೀಲ ಕಳಚಿದ ಹಾಗೆ, ಅವರ ಕೈಗೆ ಬಂತು. ಅಡಿಯಲ್ಲಿ ಬೆಳ್ಳಿ ಬಣ್ಣದ ಚಕ್ರ ಫಳಫಳ.

ಮಾವ ಕೈಯಲ್ಲಿದ್ದುದನ್ನು ಮುಟ್ಟಿ ಮುಟ್ಟಿ ನೋಡಿದರು. ಹಾಗೇ ಗಡಿಯಾರದವರ ಕೈಗೆ ಕೊಟ್ಟರು. ಅವರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಕೋಪ ಇಳಿದದ್ದು ಮೊದಲು ಕಂಡದ್ದು ಭುಜಗಳಲ್ಲಿ.

"ಇದು ಸ್ಕೂಟರಿನ ನೀಲಿ ಅಲ್ವೇನೇ?"

"ಈಗ ಗೊತ್ತಾಯ್ತಾ" ಎಂದರು ನರ್ಸಮ್ಮ ಕಿಟಕಿಯಿಂದಲೇ.

"ಬಾಯಿ ಬಿಟ್ಟು ಹೇಳಬಾರದಾ?"

"ಅದನ್ನ ಕೊಡೋವಾಗ ನೀವು ಹೇಳಿದ್ರಾ?"

ಮಾವ ಎರಡನೇ ಚಕ್ರಕ್ಕೆ ಕೈ ಹಾಕಿದ್ದರು, ಗಡಿಯಾರದವರು ತಡೆದರು. "ಬಿಡಿ, ಉಳಿದದ್ದು ಇರ್ಲಿ. ಇದಕ್ಕೂ ಇನ್ನೊಂದ್ಸಲ ಹೊಡೆದುಕೊಡಿ."

ಹೊಡೆಯಲು ಬಣ್ಣವೆಲ್ಲಿತ್ತು? ಹೊಸ ಡಬ್ಬಿ ಬರುವವರೆಗೂ ಗಡಿಯಾರದವರು ಮೂರು ನೀಲಿ ಚಕ್ರ, ಒಂದು ಬೆಳ್ಳಿ ಚಕ್ರದ ಕಾರಿನಲ್ಲಿ ಪೇಟೆಗೆ ಹೋಗಿಬಂದರು. ನಕ್ಕವರಿಗೆ, "ಮನೆಯವಳ ಚಾಯ್ಸು" ಎನ್ನುತ್ತಿದ್ದರಂತೆ, ಸ್ವಲ್ಪ ಬಿಂಕದಿಂದಲೇ.

ಆ ದಿನದಿಂದ ಶೆಡ್ಡಿನಲ್ಲಿ ಸುಲಿಯುವ ಕೆಲಸವೆಲ್ಲ ಮಾವನದಾಯಿತು. ಯಾರ ಗಾಡಿ ಬಂದರೂ, "ತೆಗೆಯೋದಿದ್ಯಾ?" ಎಂದು ಮೊದಲು ಕೇಳುವವರು ಅವರೇ. ಇಲ್ಲ ಎಂದರೆ ಮುಖ ಸಣ್ಣದು. ಬೆರಳಿಗೆ ಕಣ್ಣಿನ ಹಂಗಿರಲಿಲ್ಲ. ಅಂಚು ಸಿಕ್ಕೊಡನೆ ಉಸಿರು ಹಿಡಿದು, ಹರಿಯದಂತೆ ನಿಧಾನವಾಗಿ ಎಳೆಯುವರು. ಇಡಿಯಾಗಿ ಬಂದರೆ, "ನೋಡಿದ್ಯಾ!" ಎಂದು ಸೊಸೆಯತ್ತ ಎತ್ತಿ ತೋರಿಸುವರು. ಇಡೀ ಆಯುಷ್ಯ ಬಣ್ಣ ಹೋಗದಂತೆ ನೋಡಿಕೊಂಡವರು ಕೊನೆಯ ಕೆಲವು ವರ್ಷ ಹೀಗೆ ಬಣ್ಣ ತೆಗೆಯುತ್ತ ಸುಖವಾಗಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಈಗ ಸುಲಿಯುವುದನ್ನೂ ಬಣ್ಣದಕ್ಕನೇ ಮಾಡಿಕೊಳ್ಳುತ್ತಾಳೆ. ಅದು ಅವಳಿಗೆ ಅಷ್ಟಾಗಿ ಒಗ್ಗಿಲ್ಲ, ಅರ್ಧಕ್ಕೆ ಹರಿಯುತ್ತದೆ. ಬಡಗಿಗೂ ವಯಸ್ಸಾಯಿತು, ಗರಗಸ ಬೇಗ ನಿಲ್ಲಿಸಿ, ಬಂದು ಬಾಗಿಲಲ್ಲಿ ಮಾವನ ಕುರ್ಚಿಯಲ್ಲಿ ಕೂರುತ್ತಾನೆ. ಯಾವ ಚಕ್ರ ತೋರಿಸಿದರೂ, "ಚೆನ್ನಾಗಿದೆ ಅಕ್ಕ" ಎನ್ನುತ್ತಾನೆ.

"ಎಲ್ಲಾ ಚೆನ್ನಾಗಿದ್ರೆ ಹೇಗಣ್ಣ? ಒಂದು ಸಲನಾದ್ರೂ ಬೈಯಿ" ಎಂದು ಅವಳು ಗನ್ ತೊಳೆಯುತ್ತ ರೇಗುತ್ತಾಳೆ. ಪಾಪ, ಅವನಿಗೆ ಅರ್ಥವಾಗುವುದಿಲ್ಲ.