ಗೂಡಿನಲ್ಲಿ ಉಳಿದ ತಾಟು

ಮಸ್ಕಿ ಕಡೆಯ ನಮ್ಮೂರಲ್ಲಿ ಸುಗ್ಗಿ ಮುಗಿದರೆ ಅಜ್ಜಿಯೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಿದ್ದೆವು. ನಾವು ಮಕ್ಕಳೇ ಏಳು ಮಂದಿ. ಹೊರಡುವ ಮುಂಜಾನೆ ಯಾರ ಊಟದ ತಾಟು ಚೀಲಕ್ಕೆ ಬಿತ್ತೋ ಅವರು ಲಾರಿ ಹತ್ತಬೇಕು, ಅದರ ಮೇಲೆ ಮಾತಿಲ್ಲ.

ಹತ್ತನೆಯ ತರಗತಿಯ ವರ್ಷ ನಾನು ಅಜ್ಜಿಯ ಜೊತೆ ಉಳಿದು ಪರೀಕ್ಷೆ ಬರೆಯುತ್ತೇನೆಂದು ಹಟ ಹಿಡಿದೆ.

"ಹಿರೇ ಮಗಳು, ಇಟ್ಟಂಗಿ ಹೊರೋಳು ಆಕೀನ. ಬಿಟ್ಟುಹೋದ್ರ ಇಷ್ಟು ಮಂದಿ ಏನು ತಿನ್ನೂಣು?" ಎಂದ ಅಪ್ಪ.

"ಮೀಸಿ ತಿರುವೋದು ಬಿಟ್ಟು ನೀನ ಒಂದು ಪುಟ್ಟಿ ಹೆಚ್ಚಿಗಿ ಹೊರು," ಎಂದಳು ಅವ್ವ.

ಅಪ್ಪ ನಕ್ಕ, ಹೂಂ ಅನ್ನಲಿಲ್ಲ. ಮರುದಿನ ಚೀಲ ಕಟ್ಟಿದವನೂ ಅವನೇ. ಲಾರಿ ಹಾರ್ನ್ ಹೊಡೆದಾಗ ನಾನು ಒಳಗೋಡಿ ತಾಟು ಇಡುವ ಗೋಡೆಯ ಗೂಡು ನೋಡಿದೆ. ಅಜ್ಜಿಯ ತಾಟಿನ ಪಕ್ಕ ನನ್ನ ನೆಗ್ಗಿದ ತಾಟು ಹಾಗೇ ಇತ್ತು.

"ಏನ್ ನೋಡಾಕತ್ತೀ ಬೇ? ಅಜ್ಜಿ ರೊಟ್ಟಿ ಮಾಡ್ಯಾಳ, ಉಂಡು ಸಾಲಿಗೆ ಹೋಗು!" ಎಂದು ಅಪ್ಪ ಲಾರಿಯಿಂದಲೇ ಕೂಗಿದ.

ಮುಂದೆ ಸಿಂಧನೂರಿನಲ್ಲಿ ಡಿಗ್ರಿ ಮುಗಿಸಿದೆ. ನಮ್ಮ ಮನೆತನಕ್ಕೆ ಅದೇ ಮೊದಲನೆಯದು. ಹತ್ತನೆಯ ತರಗತಿಯ ಆ ವರ್ಷ ನನ್ನ ಪಾಲಿನ ಇಟ್ಟಂಗಿಯನ್ನೂ ಅಪ್ಪನೇ ಹೊತ್ತನೆಂದು ಅವ್ವ ಈಗಲೂ ಹೇಳುತ್ತಾಳೆ. ಅಪ್ಪ ಒಪ್ಪುವುದಿಲ್ಲ.

"ಆಕಿ ಹೊರೋದಾದ್ರೂ ಎಷ್ಟಿತ್ತು ಬಿಡು," ಅನ್ನುತ್ತಾನೆ.